ಬ್ಲೇಡು ಹಿಡಿದ ಅಧಿಕಾರಿ

ಗುಬ್ಬಿಯ ನೇಕಾರರ ಸಂಘಕ್ಕೆ ಸೀರೆಯ ನಕ್ಷೆ ಬರೆಯುತ್ತಿದ್ದವರು ನನ್ನ ಅಪ್ಪ. ದೊಡ್ಡ ಗ್ರಾಫ್ ಹಾಳೆಯ ಒಂದೊಂದು ಚೌಕಕ್ಕೂ ಬಣ್ಣ ತುಂಬಿ, ಕೊನೆಗೆ ಬಲಬದಿಯ ಖಾಲಿ ಜಾಗದಲ್ಲಿ ಹೆಸರು ಬರೆಯುತ್ತಿದ್ದರು. ಹೆಸರಿಲ್ಲದ ಹಾಳೆಯನ್ನು ಅಲ್ಲಿ ಯಾವ ನೇಕಾರನೂ ಮುಟ್ಟುತ್ತಿರಲಿಲ್ಲ. ನೇಯ್ಗೆ ಕೆಟ್ಟರೆ ಯಾರನ್ನು ಕೇಳಬೇಕೆಂದು ತಿಳಿಯಬೇಕಲ್ಲ.

ಸಂಘ ಮುಚ್ಚಿತು. ಎರಡು ಸಾವಿರದ ಇಸವಿಯ ನಂತರ, ನಾನು ಎಂ.ಎ. ಓದುತ್ತಿದ್ದಾಗ, ತುಮಕೂರಿನ ಕಚೇರಿಯೊಂದು ಆ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಎಲ್ಲರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿತು. ಉದ್ಘಾಟನೆಯ ದಿನ ಪರದೆಯ ಮೇಲೆ ಅಪ್ಪ ಬರೆದ ಹಂಸಗಳು ಸಾಲಾಗಿ ಮೂಡಿದವು. ಅವುಗಳ ಕೆಳಗೆ ‘ರಚನೆ: ಅಜ್ಞಾತ’ ಎಂದಿತ್ತು.

“ಇದು ನಂದು ಸ್ವಾಮಿ,” ಎಂದರು ಅಪ್ಪ.

ಸ್ಕ್ಯಾನ್ ಮಾಡಿಸಿದ ಅಧಿಕಾರಿ ನಕ್ಕರು. “ಎಲ್ರೂ ಹಾಗೇ ಅಂತಾರೆ ಯಜಮಾನ್ರೇ. ದಾಖಲೆ ಏನಿದೆ?”

“ಹಾಳೆ ಬಲಗಡೆ ನೋಡಿ, ಹೆಸರೈತೆ.”

“ಓ, ಆ ಮಾರ್ಜಿನ್ನಾ? ಸ್ಕ್ಯಾನರ್ ಗಾಜಿಗೆ ಹಿಡೀತಿರ್ಲಿಲ್ಲ. ಬ್ಲೇಡಲ್ಲಿ ನಾನೇ ತೆಗೆದ್ಬಿಟ್ಟೆ. ಡಿಸೈನ್‌ಗೇನೂ ಆಗಿಲ್ಲ ಬಿಡಿ.”

“ಆ ಚೂರುಗಳು?”

“ಕಸ ಯಾರ್ ಇಟ್ಕೋತಾರೆ?”

ಸಾಕ್ಷ್ಯವನ್ನು ಕತ್ತರಿಸಿ ಎಸೆದ ಕೈಯೇ ಸಾಕ್ಷ್ಯ ಕೇಳಲು ಚಾಚಿಕೊಂಡಿತ್ತು. ಅದನ್ನು ನಾನು ಕ್ಷಮಿಸಲಿಲ್ಲ. ಕ್ಷಮಿಸುವ ಇರಾದೆ ಇಂದಿಗೂ ಇಲ್ಲ. ಹೆಸರು ಮರಳಿ ಹಾಕಿರೆಂದು ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ. ಆಮೇಲೆ ಅರ್ಜಿ ಬರೆಯುವುದನ್ನು ಬಿಟ್ಟು, ಆ ಅಧಿಕಾರಿಗೆ ಹೆಚ್ಚು ನೋಯುವ ಜಾಗಕ್ಕಾಗಿ ಕಾದೆ.

ಆ ಜಾಗ ಅವರ ಹುಟ್ಟೂರಾದ ಕುಣಿಗಲ್. ಪರಂಪರೆಯನ್ನು ಉಳಿಸಿದ್ದಕ್ಕಾಗಿ ಅಲ್ಲಿ ಅವರಿಗೆ ಸನ್ಮಾನವೆಂದು ಪತ್ರಿಕೆಯಲ್ಲಿ ಓದಿ, ಬೇಗನೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಶಾಲು ಹೊದಿಸಿ, ಪೇಟ ತೊಡಿಸಿ ಆದಮೇಲೆ ಎದ್ದು ನಿಂತೆ.

“ಸಾರ್, ನೀವು ಉಳಿಸಿದ ನಕ್ಷೆಗಳನ್ನು ಬರೆದ ಒಬ್ಬರ ಹೆಸರು ಹೇಳಿ.”

“ಫಂಕ್ಷನ್ ನಡೀತಿದೆ, ಕೂತ್ಕೊಳಮ್ಮ.”

“ಒಂದೇ ಒಂದು ಹೆಸರು ಸಾರ್.”

ಅವರ ಚಿಕ್ಕಪ್ಪನೇ ಇರಬೇಕು, ಮೂಲೆಯಿಂದ ಮುದುಕರೊಬ್ಬರು ಸಹಾಯಕ್ಕೆ ಬಂದರು. “ಹೇಳ್ಬುಡ್ಲಾ ಮಗ, ಒಂದ್ ಹೆಸ್ರು ತಾನೇ. ಊಟಕ್ಕೆ ಹೊತ್ತಾಯ್ತದೆ.”

ಅಧಿಕಾರಿ ಪೇಟ ಸರಿಪಡಿಸಿಕೊಂಡು ಸಂಘಟಕರತ್ತ ನೋಡಿದರು. ನಾನು ಅಪ್ಪನ ಹೆಸರನ್ನು ಹೇಳಿದೆ. ಬ್ಲೇಡಿನ ಕಥೆಯನ್ನೂ ಬಿಡದೆ ಹೇಳಿದೆ. ಅವರು ಸನ್ಮಾನದ ಶಾಲಿನಲ್ಲೇ ಮುಖ ಒರೆಸಿಕೊಂಡರು. ಆ ದೃಶ್ಯವನ್ನು ನಾನು ಅವಸರವಿಲ್ಲದೆ ನೋಡಿದೆ.

ವಾರ ಕಳೆಯುವುದರೊಳಗೆ ಹಂಸಗಳ ಕೆಳಗೆ ಅಪ್ಪನ ಹೆಸರು ಬಂತು. “ಸಾಕು ಬುಡವ್ವ,” ಎಂದರು ಅಪ್ಪ. ನನಗೆ ಸಾಲದು. ಮೂಲ ಹಾಳೆಯನ್ನು ಕತ್ತರಿಸಿದವರು ಯಾರೆಂಬುದನ್ನೂ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ನಮೂದಿಸಬೇಕೆಂದು ಅಂದೇ ಕಚೇರಿಗೆ ಹೋಗಿ ಕೇಳಿದೆ. ಇಂದಿಗೂ ಕೇಳುತ್ತಿದ್ದೇನೆ.