ಪಕ್ಕದ ಮನೆಯ ಸೂರು

2021ರ ಜನವರಿಯಲ್ಲಿ, ಮಲೇಷ್ಯಾದಲ್ಲಿ ಸಂಚಾರ ನಿರ್ಬಂಧ ಮತ್ತೆ ಜಾರಿಯಾದ ವಾರ, ಕೋವಿಡ್ ತಗುಲಿದ್ದ ನಮ್ಮ ಪಕ್ಕದ ಮನೆಯವರನ್ನು ಆಂಬುಲೆನ್ಸ್ ಕರೆದೊಯ್ದಿತು. ಹುಬ್ಬಳ್ಳಿಯವರು, ಕ್ಲಾಂಗ್ ಬಂದರಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಕೆಲಸ. ತಂಗಿಯ ಬಾಣಂತನಕ್ಕೆಂದು ಕೆನಡಾಕ್ಕೆ ಹೋಗಿದ್ದ ಅವರ ಹೆಂಡತಿ, ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದರು.

ಸಾಲುಮನೆಗಳು. ನಮಗೂ ಅವರಿಗೂ ನಡುವೆ ಒಂದೇ ಗೋಡೆ, ಸೂರಿನಂಚಿಗೆ ಮಳೆನೀರು ಹರಿಯಲು ಒಂದೇ ತಗಡಿನ ಕಾಲುವೆ. ಎದುರಿನ ಮರದ ಎಲೆ ತುಂಬಿ, ಅವರ ಕಡೆ ನೀರು ಇಳಿಯುವ ಬಾಯಿ ಕಟ್ಟಿಕೊಂಡಿತ್ತು. ಆಂಬುಲೆನ್ಸ್ ಹತ್ತುವ ಮುಂಚೆ ಗೇಟಿನ ಬಳಿ ನಿಂತು ಅವರು ಮನೆಯ ಕೀಲಿಯನ್ನು ನನ್ನತ್ತ ಎಸೆದರು.

"ಅಣ್ಣಾರ, ಎಲಿ ಅಷ್ಟು ತಗೀರಿ. ಮನ್ಯಾಗ ನೀರು ಬಂತಂದ್ರ, ರೋಗದಿಂದ ಉಳದ್ರೂ ನಮ್ಮಾಕಿ ಕೈಯಿಂದ ಉಳ್ಯಾಂಗಿಲ್ಲ ನಾ."

"ಹೋಗ್ಬನ್ನಿ, ಇವತ್ತೇ ತೆಗೀತೀನಿ."

ಏಣಿ ಎತ್ತಿಕೊಂಡಾಗ ನನ್ನ ಹೆಂಡತಿ ತಡೆದಳು. "ಹೋದವರ ಬೆನ್ನಿಗೇ ಅವರ ಮನೆ ಗುಡಿಸ್ತಾರೇನ್ರೀ? ಅವ್ರು ವಾಪಸ್ ಬರೋದು ಬೇಡ್ವಾ?"

ಊರಿಗೆ ಹೊರಟವರ ಹಿಂದೆಯೇ ಕಸ ಗುಡಿಸಬಾರದೆಂಬುದು ನಮ್ಮಿಬ್ಬರ ಮನೆಗಳಲ್ಲೂ ಇದ್ದ ರೂಢಿ. "ಅದು ನೆಲಕ್ಕೆ ಕಣೇ, ಸೂರಿಗಲ್ಲ" ಎಂದೆ. ಆದರೂ ಏಣಿಯನ್ನು ಗೋಡೆಗೆ ಒರಗಿಸಿ, ನಾಳೆ ಎಂದುಕೊಂಡೆ.

ಅಂದೇ ಸಂಜೆ ಮಳೆ ಸುರಿಯಿತು. ಗೋಡೆಯಾಚೆ ಏನೋ ಕುಸಿಯಿತು. ನಂತರ ಯಾರೋ ಬರಿಗಾಲಲ್ಲಿ ನಡೆದಾಡಿದಂತೆ ತೊಟ್ಟಿಕ್ಕುವ ಸದ್ದು. ಬೆಳಿಗ್ಗೆ ಬಾಗಿಲು ತೆಗೆದೆ. ಉಕ್ಕಿದ ನೀರು ಹೆಂಚಿನಡಿ ನುಗ್ಗಿ, ಸೀಲಿಂಗ್ ಅವರ ಹಾಸಿಗೆಯ ಮೇಲೆ ಬಿದ್ದಿತ್ತು. ದಿಂಬಿನ ಮೇಲೆ ಕೊಳೆತ ಎಲೆ. ಕಾಲುವೆ ಬಿಡಿಸಿದೆ. ರಿಪೇರಿಯವನು ನಿರ್ಬಂಧ ಮುಗಿಯದೆ ಬರಲಾರೆ ಎಂದ.

ಕೆನಡಾದಿಂದ ಫೋನ್ ಬಂತು. "ಇಲ್ಲಿ ಸೂರಿಗೆ ಬರ್ಫ ಕಟ್ಟೇದ್ರಿ. ದಿನಾ ಉದ್ದನ ಕೋಲಿಂದ ಎಳೀತೀವಿ. ಬಿಟ್ರ ಕರಗಿದ ನೀರು ಮನ್ಯಾಗ ಇಳೀತದಂತ. ನಮ್ಮನಿ ಚಲೋ ಅದ ಇಲ್ರಿ?"

"ಚೆನ್ನಾಗಿದೆ" ಎಂದೆ.

"ಅವರಿಗೂ ಹೇಳ್ರಿ. ಫೋನ್ ಮಾಡಿದಾಗೆಲ್ಲ ಮನೀದ ಕೇಳ್ತಾರ."

ಅವರಿಗೂ ಅದನ್ನೇ ಹೇಳಿದೆ. ಒಂಬತ್ತನೆಯ ದಿನ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು.

ಬಿಸಿಲಿನ ದಿನಗಳಲ್ಲೂ ಗೋಡೆಯಾಚೆ ಆ ನಡೆಯುವ ಸದ್ದು ಕೇಳುತ್ತಿತ್ತು. ಎರಡು ಸಲ ಬಾಗಿಲು ತೆಗೆದು ನೋಡಿದೆ, ನೆಲ ಒಣಗಿತ್ತು. ಹೆಂಡತಿಗೂ ಕೇಳುತ್ತಿತ್ತು.

2022ರ ಏಪ್ರಿಲ್‌ನಲ್ಲಿ ಗಡಿ ತೆರೆಯಿತು. ಮುಂದಿನ ತಿಂಗಳು ಅವರ ಹೆಂಡತಿ ಬಂದರು. ಅಷ್ಟರಲ್ಲಿ ನಾನು ಸೀಲಿಂಗ್ ಹೊಸದಾಗಿ ಹಾಕಿಸಿದ್ದೆ. ಅವರು ಬರಿಯ ಮಂಚ ನೋಡಿ, "ಹಾಸಿಗಿ ಎಲ್ಲದರಿ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ.

"ಅವರಿಗೆ ಗೊತ್ತಿತ್ತೇನ್ರಿ?"

"ಇಲ್ಲ."

ಮನೆ ಆ ವರ್ಷವೇ ಮಾರಾಟವಾಯಿತು. ಅವರ ಫೋನ್ ಮತ್ತೆ ಬಂದಿಲ್ಲ.