ಕೊಟ್ಟ ನೀರನ್ನು ಕೂಡಿಸುವವಳು

ಬೆಳಕು ಈಗಷ್ಟೇ ಹರಿಯುತ್ತಿದೆ. ಮರುಭೂಮಿಯಂಚಿನ ಐತ್ ವಾಮಾನ್ ಊರಿನ ತೋಟದ ದೊಡ್ಡ ತೂಬಿನ ಪಕ್ಕ, ಮಣ್ಣಿನ ಗೋಡೆಯ ಮೇಲೆ ಇಟ್ಟೊ ಕೂತಿದ್ದಾಳೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಪುದೀನ ಚಹಾದ ಲೋಟ. ತೂಬಿನ ಬಾಗಿಲು ತಾನಾಗಿ ಏಳುತ್ತದೆ, ನೀರು ಖರ್ಜೂರದ ಸಾಲಿಗೆ ನುಗ್ಗುತ್ತದೆ. ನೀರುಗಂಟಿ ಹಮ್ಮು ಸಲಿಕೆಗೆ ಒರಗಿ ಕೆಣಕುತ್ತಾನೆ: "ನಾವು ಕೆಸರಲ್ಲಿ ಸಾಯ್ತೀವಿ, ನೀನು ಕೂತಲ್ಲೇ ನೀರು ಬಿಡ್ತೀಯಲ್ಲೇ!"

"ಸೊಂಟ ಮಾತ್ರ ಇಬ್ಬರದ್ದೂ ನೋಯುತ್ತೆ ಮಾವ," ಎನ್ನುತ್ತಾಳೆ ಇಟ್ಟೊ.

ಈ ಕಣಿವೆಯಲ್ಲಿ ಬಾವಿ ತೋಡಿಸಿದವರ ಹೆಸರು ಕಲ್ಲಿನ ಮೇಲಿದೆ. ಇಟ್ಟೊ ಹೆಸರು ಪಕ್ಕದ ಊರಿಗೂ ಗೊತ್ತಿಲ್ಲ. ಅವಳ ಬಗ್ಗೆ ಬರೆಯಲೆಂದು ಬಂದ ನನಗಂತೂ ಇದು ಸಿಟ್ಟು ತರಿಸುವ ಸಂಗತಿ. ಕಂಬಳಿ ನೇಯುವವಳ ಮಗಳು ಈಕೆ. ಹಗಲೆಲ್ಲ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ತೂಬಿನ ಕೆಲಸ ಅದರ ಆಚೀಚೆ. ಹಿಂದೆ ತಳದಲ್ಲಿ ತೂತಿರುವ ಗಳಿಗೆ ಬಟ್ಟಲು ನೀರು ತುಂಬಿ ಮುಳುಗುವುದನ್ನು ನೋಡಿ ನೀರಿನ ಪಾಳಿ ಬದಲಿಸುತ್ತಿದ್ದರು. ಬಟ್ಟಲು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋದ ಮೇಲೆ ಸಲಿಕೆ ಎತ್ತುವ ಜಗಳಗಳು ಶುರುವಾದವು. ಆಗ ಇಟ್ಟೊ ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ತೂಬಿನ ಗುಡಿಸಲಲ್ಲಿ ಬಾಗಿಲು ತಾನೇ ಎತ್ತಿಳಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟಳು. ಅದರೊಳಗಿರುವುದು ಹ್ಯಾಶ್ ಮ್ಯಾಪ್: ಮನೆಗೊಂದು ಗೂಡು, ಗೂಡಿಗೆ ಮನೆಯ ಹೆಸರು, ಒಳಗೆ ಆ ಮನೆಯ ನೀರಿನ ಹೊತ್ತು. ಹೆಸರು ಹೇಳಿದರೆ ಸಾಕು, ಗೂಡು ಸಿಗುತ್ತದೆ.

ಎಡವಿದ್ದು ಮೊದಲ ಬೇಸಿಗೆಯಲ್ಲಿ. ಊರಿನ ಹಿರಿಯಾಕೆ ಲಲ್ಲಾ ಯಮ್ನಾಳ ಗಂಡ ತೀರಿಕೊಂಡ. ಸಾವಾದ ಮನೆಗೆ ನೆರೆಯವರು ತಮ್ಮ ಪಾಳಿಯಲ್ಲಿ ಒಂದಿಷ್ಟು ನೀರು ಬಿಟ್ಟುಕೊಡುವುದು ಇಲ್ಲಿಯ ಪದ್ಧತಿ; ಅಳುವವರು ತೋಟದ ಚಿಂತೆ ಮಾಡಬಾರದು. ಒಬ್ಬರಾದ ಮೇಲೊಬ್ಬರು ಫೋನಿನಿಂದಲೇ ಪೆಟ್ಟಿಗೆಗೆ ತಿಳಿಸಿ ಯಮ್ನಾಳ ಗೂಡಿಗೆ ನೀರು ಕೊಟ್ಟರು. ಪ್ರೋಗ್ರಾಂ ಪ್ರತಿ ಸಲವೂ ಗೂಡಿನಲ್ಲಿದ್ದದ್ದನ್ನು ಎಸೆದು ಹೊಸದನ್ನಷ್ಟೇ ಇಟ್ಟಿತು. ಯಮ್ನಾಳ ಸ್ವಂತ ಪಾಳಿಯೂ ಹೋಗಿ, ಎಲ್ಲರಿಗಿಂತ ಕೊನೆಗೆ ಕೊಟ್ಟವರ ಗುಟುಕು ನೀರು ಮಾತ್ರ ಉಳಿಯಿತು. ಗಂಡ ನೆಟ್ಟುಹೋದ ಖರ್ಜೂರದ ಸಸಿಗಳನ್ನು ಮುಟ್ಟುವ ಮೊದಲೇ ತೂಬು ಮುಚ್ಚಿತು.

ಯಮ್ನಾ ಯಾರನ್ನೂ ಕೇಳಲಿಲ್ಲ. ನೆರೆಯವರದು ಬರೀ ಬಾಯುಪಚಾರ ಎಂದುಕೊಂಡು ಬಾಗಿಲು ಹಾಕಿಕೊಂಡಳು, ರೊಟ್ಟಿ ತಂದವರನ್ನೂ ವಾಪಸು ಕಳಿಸಿದಳು. ಒಂದೇ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ಹೆಂಗಸರು ಮುಖ ತಿರುಗಿಸಿ ನಡೆದರು. ಹಮ್ಮು ಶಾಲೆಯ ಬಾಗಿಲಿಗೇ ಹೋಗಿ ಕೂಗಾಡಿದ: "ಕೊಟ್ಟ ನೀರೆಲ್ಲ ಎಲ್ಲಿ ಹೋಯ್ತೇ? ನಿನ್ನ ಪೆಟ್ಟಿಗೆ ಕುಡೀತಾ? ಕಾಲುವೆಗೆ ಎಸೀತೀನಿ ನೋಡು!"

ತಾನು ಬರೆದದ್ದನ್ನು ತೆರೆದು ನೋಡಿದ ಇಟ್ಟೊ ಯಮ್ನಾಳನ್ನೂ ನೆರೆಯವರನ್ನೂ ತೂಬಿನ ಬಳಿ ಕರೆದಳು. "ಇವರೆಲ್ಲ ಕೊಟ್ಟಿದ್ರು ಅತ್ತೆ. ಅಳಿಸಿದ್ದು ನನ್ನ ಪ್ರೋಗ್ರಾಂ," ಎಂದಳು.

"ಬಾಯಲ್ಲಿ ಹೇಳ್ಬೇಡ, ನೀರಲ್ಲಿ ತೋರ್ಸು," ಎಂದಳು ಯಮ್ನಾ.

ಇಟ್ಟೊ ತಿದ್ದಿ ಬರೆದ ಪ್ರೋಗ್ರಾಂ ಈಗ ಮೊದಲು ಗೂಡನ್ನು ಹುಡುಕುತ್ತದೆ. ಹೆಸರಿಲ್ಲದಿದ್ದರೆ ಸೊನ್ನೆಯಿಟ್ಟು ಹೊಸ ಗೂಡು ತೆರೆಯುತ್ತದೆ; ಇದ್ದರೆ ಒಳಗಿರುವುದನ್ನೇ ಹಿಡಿದು ಅದಕ್ಕೆ ಕೂಡಿಸುತ್ತದೆ. ಒಬ್ಬರು ಹಾಗೆ ಹಿಡಿದಿರುವಾಗ ಇನ್ನೊಬ್ಬರು ಕೈ ಹಾಕುವಂತಿಲ್ಲ. ಹಾಕುವಂತೆ ಬರೆದರೆ ರಸ್ಟ್ ಒಪ್ಪುವುದೇ ಇಲ್ಲ. ಇದನ್ನು ಕೇಳಿದಾಗಿನಿಂದ ಹಮ್ಮುವಿನ ವರಸೆಯೇ ಬದಲಾಗಿದೆ. "ಒಂದು ತೂಬಿಗೆ ಒಂದೇ ಕೈ! ಇದು ನಮ್ಮಜ್ಜನ ಕಾಲದ ಕಟ್ಟಳೆ. ಆ ಭಾಷೆ ಮಾಡಿದೋನು ನಮ್ಮ ಕಡೆ ನೀರುಗಂಟಿನೇ ಇರ್ಬೇಕು," ಎಂದು ಕಂಡಕಂಡವರಿಗೆ ಹೇಳುತ್ತಾನೆ.

ಮುಂದಿನ ಪಾಳಿಗೆ ನೆರೆಯವರು ಮತ್ತೆ ಕೊಟ್ಟರು. ಯಮ್ನಾ ತೂಬನ್ನೇ ನೋಡುತ್ತ ನಿಂತಿದ್ದಳು. ಬಾಗಿಲು ಮುಚ್ಚಲಿಲ್ಲ. ನೀರು ಸಸಿಗಳ ಬುಡ ತುಂಬಿ ಆಚೆಗೆ ಹರಿಯಿತು. ಆ ದಿನವನ್ನು ನೆನೆದು ಅವಳು ಈಗಲೂ ಹೇಳುತ್ತಾಳೆ: "ಗಂಡನ ಜೊತೆ ನೆರೆಯೋರೂ ಹೋದ್ರು ಅಂದ್ಕೊಂಡಿದ್ದೆ. ಈ ಹುಡುಗಿ ಅವರನ್ನ ವಾಪಸ್ ಕೊಟ್ಲು."

ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಬೇಡವೇ ಎಂದು ಇಟ್ಟೊಳನ್ನು ಕೇಳುತ್ತೇನೆ. ಅವಳು ನಗುತ್ತಾಳೆ.

"ಮೊದಲೆಲ್ಲ ನೀರು ಕೊಟ್ಟೋರು, ಅದು ಮುಟ್ತೋ ಇಲ್ವೋ ಅಂತ ತೂಬಿನ ಹತ್ರ ಬಂದು ಕಾಯ್ತಿದ್ರು. ಈಗ ಕೊಟ್ಟು ಮನೇಲಿ ಮಲಗ್ತಾರೆ. ನಾನು ಬರೆದದ್ದನ್ನ ನಂಬಿ ಊರೇ ಮಲಗುತ್ತೆ, ಗೊತ್ತಾ?"