ನಾನು ಅಳಿಸಿದ ಕೋಡ್

ಟೀಚರಮ್ಮನ ಕಾರು ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ಉಸ್ತಾದ್, ನನ್ನ ಕೈಯಿಂದ. ಅದು ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾಗಿಯೂ ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ನಿಮ್ಮ ಶೆಡ್ಡಿನಲ್ಲೇ ಸ್ಪ್ಯಾನರ್ ಹಿಡಿಯಲು ಕಲಿತವನು ಚಿಂತಾಮಣಿಯಲ್ಲಿ ನಿಮ್ಮ ಎದುರಿಗೇ ಗ್ಯಾರೇಜ್ ತೆರೆದೆ. ಕಾರಿನ ದೋಷವನ್ನು ಕೋಡಿನಲ್ಲಿ ತೋರಿಸುವ ಸ್ಕ್ಯಾನರ್ ತಂದೆ. ಆದರೂ ಜನ ಮೊದಲು ನಿಮ್ಮ ಹತ್ತಿರವೇ ಬರುತ್ತಿದ್ದರು — ನೀವು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ರೋಗ ಹೇಳುತ್ತಿದ್ದಿರಿ. ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ಟೀಚರಮ್ಮ ತಮ್ಮ ಆಟೋಮ್ಯಾಟಿಕ್ ಕಾರಿಗೆ ನಿಮ್ಮಲ್ಲಿ ಗೇರ್ ಆಯಿಲ್ ಹಾಕಿಸಿದರು. ಮಾರನೆಯ ದಿನ ಏರ್ ಫಿಲ್ಟರ್ ಬದಲಿಸಲು ನನ್ನಲ್ಲಿಗೆ ಬಂದರು. ವಾರದೊಳಗೆ ಅಂಬಾಜಿದುರ್ಗದ ರಸ್ತೆಯಲ್ಲಿ ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ತೆವಳುತ್ತ ನನ್ನ ಗ್ಯಾರೇಜಿಗೆ ಬಂತು. ಸ್ಕ್ಯಾನರ್ ಹಾಕಿದೆ. ಗೇರ್‌ಬಾಕ್ಸಿನ ಸೆನ್ಸರ್‌ನಿಂದ ಸಿಗ್ನಲ್ ಇಲ್ಲ ಎಂಬ ಕೋಡ್. ಕೋಡ್ ಹೇಳುವುದು ಅಷ್ಟೇ. ಯಾಕಿಲ್ಲ ಎಂಬುದನ್ನು ಮೆಕ್ಯಾನಿಕ್ ಹುಡುಕಬೇಕು. ನಾನು ಹುಡುಕಲಿಲ್ಲ. ನಿಮ್ಮನ್ನು ಕರೆಸಿ, ಗಿರಾಕಿಗಳೆಲ್ಲ ನೋಡುತ್ತಿರುವಾಗ ಹೇಳಿದೆ:

"ಮಿಷಿನ್ ಸುಳ್ಳು ಹೇಳಲ್ಲ ಟೀಚರಮ್ಮ. ಗೇರ್‌ಬಾಕ್ಸ್‌ಗೆ ಕೈ ಹಾಕಿದೋರ್ನೇ ಕೇಳಿ."

ನೀವು ಜಗಳಕ್ಕೆ ಬರಬೇಕಿತ್ತು. ಬರಲಿಲ್ಲ. "ಇರ್ಬೋದು ಕಣಪ್ಪ ನಾಗರಾಜ. ಕಣ್ಣು ಮೊದಲಿನಂಗಿಲ್ಲ" ಎಂದಿರಿ. ಗುರುವಿಗೇ ತಿರುಮಂತ್ರ ಹಾಕಿದೆನಲ್ಲ — ಥೂ.

ನೀವು ಹೋದ ಮೇಲೆ ಬಾನೆಟ್ಟಿನೊಳಗೆ ಕೈ ಹಾಕಿದೆ. ಫಿಲ್ಟರ್ ಡಬ್ಬಿಯ ಕೆಳಗೆ ಆ ಸೆನ್ಸರಿನ ವೈರ್ ಪ್ಲಗ್ ಅರ್ಧ ಕಳಚಿಕೊಂಡಿತ್ತು. ಫಿಲ್ಟರ್ ಬದಲಿಸುವಾಗ ಕೈಯಾಡಲು ಜಾಗ ಬೇಕೆಂದು ನಾನೇ ಕಿತ್ತದ್ದು; ವಾಪಸ್ ಹಾಕುವಾಗ ಲಾಕ್ ಬೀಳುವವರೆಗೆ ಒತ್ತದೆ ಬಿಟ್ಟದ್ದು. ಈಗ ಒತ್ತಿದೆ. ಕೋಡ್ ಅಳಿಸಿದೆ. "ಉಸ್ತಾದ್ ಕೆಡಿಸಿದ್ದನ್ನ ಸರಿ ಮಾಡ್ದೆ ಟೀಚರಮ್ಮ" ಎಂದು ಕೀ ಕೊಟ್ಟೆ.

ಮಾತು ಊರೆಲ್ಲ ಹಬ್ಬಿತು. ವರ್ಷ ತುಂಬುವ ಮೊದಲೇ ನೀವು ಶೆಡ್ ಮುಚ್ಚಿ ಗೌರಿಬಿದನೂರಿನ ಮಗಳ ಮನೆಗೆ ಹೋದಿರಿ.

ಕಳೆದ ತಿಂಗಳು ಅಲ್ಲಿಗೆ ಬಂದದ್ದು ಇದನ್ನು ಹೇಳಲೆಂದೇ. ಹೇಗೆ ಶುರು ಮಾಡುವುದೋ ತಿಳಿಯದೆ, ನನ್ನ ಕಾರಿನ ಎಂಜಿನ್ ಕಟಕಟ ಅನ್ನುತ್ತಿದೆ, ಒಮ್ಮೆ ಕೇಳಿ ಅಂದೆ. ಬಾನೆಟ್ಟಿನವರೆಗೆ ಚಾಚಿದ ಕೈಯನ್ನು ನೀವು ಹಿಂದಕ್ಕೆಳೆದುಕೊಂಡಿರಿ.

"ಬ್ಯಾಡಪ್ಪ. ನಾನ್ ಮುಟ್ಟಿದ್ರೆ ಕೆಡುತ್ತೆ."

ಟೀ ಕುಡಿದು ಎದ್ದು ಬಂದೆ, ಹೇಡಿ.

ಇವತ್ತು ಟೀಚರಮ್ಮನಿಗೆ ಎಲ್ಲ ಹೇಳಿದೆ. "ನನ್ ಹತ್ರ ಯಾಕ್ ಹೇಳ್ತೀಯ? ಅವ್ರ ಹತ್ರ ಹೋಗಿ ಹೇಳು" ಎಂದು ಬಾಗಿಲು ಹಾಕಿಕೊಂಡರು. ನಾಳೆ ಈ ಕಾಗದ ಹಿಡಿದು ಬರುತ್ತಿದ್ದೇನೆ. ನಿಮ್ಮ ಮಗಳ ಮುಂದೆಯೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಕೈಯನ್ನು ನೀವೇ ನಂಬದ ಹಾಗೆ ಮಾಡಿದವನು ನಾನು.